ಕೀಲಿನ ಮುಂದೆ ಒಂದಿಷ್ಟು ಸೀಸ: ಹಗುರ ವಿಮಾನಗಳ ಸಮತೋಲ ಬೆಳೆದು ಬಂದ ದಾರಿ

1987ರ ಫೆಬ್ರವರಿ 26ರಂದು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಎಲ್‌ಸಿಆರ್‌ಎ ವಿಮಾನ ಮೊದಲ ಸಲ ನೆಲ ಬಿಟ್ಟಿತು. ಇಬ್ಬರು ಕೂರುವ ಈ ಪುಟ್ಟ ವಿಮಾನಕ್ಕೆ ಹಿಂದೆ ಸಮತಲ ಬಾಲವಿಲ್ಲ. ಮೂತಿಯ ಬಳಿ ಒಂದು ಕಿರುರೆಕ್ಕೆ, ಬೆನ್ನಿಗೆ ಎಂಜಿನ್. ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಿಗಾಗಿ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝೀ ಇದರ ಮೂಲ. ಫೋಮಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಬಳಿದು ಕಟ್ಟುವ ವಿಧಾನ ಅದು. ಆ ಕಿರುರೆಕ್ಕೆಯ ಹಿಂದಿನ ಎಲಿವೇಟರ್‌ಗಳಲ್ಲಿ, ಕೀಲಿನ ಮುಂದಕ್ಕೆ, ಸೀಸದ ತುಂಡುಗಳಿರುತ್ತವೆ. ತೂಕ ಉಳಿಸಲು ಗ್ರಾಂ ಗ್ರಾಂ ಲೆಕ್ಕ ಹಾಕುವ ವಿಮಾನದಲ್ಲಿ ಸೀಸವನ್ನು ಬೇಕೆಂದೇ ಹೊತ್ತೊಯ್ಯುವುದು ಏಕೆ? ಈ ಪ್ರಶ್ನೆಗೆ ಉತ್ತರ ಸಿಗಲು ಹಲವು ಜೀವಗಳು ಹೋಗಬೇಕಾಯಿತು.

ನಡುಕ ಹುಟ್ಟುವ ಬಗೆ

ರೆಕ್ಕೆಯ ಹಿಂದಂಚಿನ ಏಲೆರಾನ್, ಮೂತಿಯನ್ನು ಏರಿಳಿಸುವ ಎಲಿವೇಟರ್, ಎಡಬಲಕ್ಕೆ ತಿರುಗಿಸುವ ರಡ್ಡರ್ ಈ ಮೂರೂ ಕೀಲಿಗೆ ತೂಗುಹಾಕಿದ ಹಲಗೆಗಳು. ಕೀಲು ಮುಂದಿನ ಅಂಚಿನ ಹತ್ತಿರ ಇರುವುದರಿಂದ ಹಲಗೆಯ ಹೆಚ್ಚಿನ ತೂಕ ಸಹಜವಾಗಿಯೇ ಹಿಂದಕ್ಕೆ ಬೀಳುತ್ತದೆ. ಹಾರಾಟದಲ್ಲಿ ಗಾಳಿಯ ಹೊಡೆತಕ್ಕೆ ರೆಕ್ಕೆ ಸ್ವಲ್ಪ ಮೇಲಕ್ಕೆ ಬಾಗಿತು ಎನ್ನಿ. ಹಿಂಭಾರದ ಏಲೆರಾನ್ ಅದರ ಜೊತೆ ಏಳದೆ ಹಿಂದುಳಿಯುತ್ತದೆ, ಅಂದರೆ ರೆಕ್ಕೆಗೆ ಹೋಲಿಸಿದರೆ ಕೆಳಕ್ಕೆ ತಿರುಗುತ್ತದೆ. ಏಲೆರಾನ್ ಕೆಳಗಿಳಿದರೆ ರೆಕ್ಕೆಯ ಎತ್ತುಬಲ ಹೆಚ್ಚುತ್ತದೆ. ಮೇಲೇಳುತ್ತಿರುವ ರೆಕ್ಕೆಗೆ ಇನ್ನಷ್ಟು ನೂಕು ಸಿಗುತ್ತದೆ. ರೆಕ್ಕೆ ಮರಳಿ ಇಳಿಯುವಾಗ ಇದೇ ಆಟ ತಿರುಗುಮುರುಗು. ಪ್ರತಿ ಸುತ್ತಿನಲ್ಲೂ ಗಾಳಿಯ ಶಕ್ತಿ ನಡುಕಕ್ಕೆ ಸೇರುತ್ತಾ ಹೋಗುತ್ತದೆ. ನಿಧಾನ ವೇಗದಲ್ಲಿ ಈ ತೊಯ್ದಾಟ ತಾನಾಗಿ ಅಡಗುತ್ತದೆ. ಒಂದು ವೇಗ ದಾಟಿದ ಮೇಲೆ ಅಡಗುವ ಬದಲು ಬೆಳೆಯುತ್ತದೆ, ಕೆಲವೇ ಕ್ಷಣಗಳಲ್ಲಿ ರೆಕ್ಕೆಯನ್ನೋ ಬಾಲವನ್ನೋ ಕಿತ್ತುಹಾಕಬಲ್ಲದು. ವೈಮಾನಿಕರು ಇದನ್ನು ಫ್ಲಟರ್ ಎನ್ನುತ್ತಾರೆ.

ಪರಿಹಾರ ಕೇಳಲು ಸರಳ. ಬಾವಿಯ ಏತದ ಹಿಂತುದಿಗೆ ಕಲ್ಲು ಕಟ್ಟಿದರೆ ಮುಂದಿನ ಕೊಡದ ಭಾರ ತೂಗಿಹೋಗುವಂತೆ, ಕೀಲಿನ ಮುಂದೆ ತೂಕ ಇಟ್ಟು ಹಲಗೆಯ ಭಾರಕೇಂದ್ರವನ್ನು ಕೀಲಿನ ಗೆರೆಗೆ ತಂದುಬಿಟ್ಟರೆ, ರೆಕ್ಕೆ ಕುಣಿದಾಗ ಏಲೆರಾನ್ ಹಿಂದುಳಿಯುವುದಿಲ್ಲ. ಸರಪಣಿಯ ಮೊದಲ ಕೊಂಡಿಯೇ ಕಳಚುತ್ತದೆ. ಪೈಲಟ್‌ನ ಕೈಭಾರ ಇಳಿಸಲೆಂದು ಕೀಲಿನ ಮುಂದೆ ಗಾಳಿಗೆ ಒಡ್ಡುವ ಭಾಗವೂ ಒಂದುಂಟು. ಅದರ ಕೆಲಸ ಬೇರೆ. ಅದಿದ್ದ ಮಾತ್ರಕ್ಕೆ ತೂಕದ ಸಮತೋಲ ಬಂದಂತಾಗುವುದಿಲ್ಲ.

ಯುದ್ಧಕಾಲದ ಪಾಠ

1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಹಾರಾಟದಲ್ಲಿ ಭಯಂಕರವಾಗಿ ತಿರುಚಿಕೊಳ್ಳತೊಡಗಿತು. ಎಡಬಲದ ಎರಡು ಎಲಿವೇಟರ್‌ಗಳು ಒಂದಕ್ಕೊಂದು ಬಿಗಿಯಾಗಿ ಸೇರಿರಲಿಲ್ಲ; ಒಂದು ಮೇಲಾದರೆ ಇನ್ನೊಂದು ಕೆಳಗಾಗುತ್ತಿತ್ತು. ಎಫ್. ಡಬ್ಲ್ಯು. ಲ್ಯಾಂಚೆಸ್ಟರ್ ಇದನ್ನು ಪರಿಶೀಲಿಸಿ, ಎರಡನ್ನೂ ಒಂದೇ ಗಟ್ಟಿ ಕೊಳವೆಯಿಂದ ಜೋಡಿಸಲು ಹೇಳಿದರು. ಬೇರ್‌ಸ್ಟೋ ಮತ್ತು ಫೇಜ್ ಅದಕ್ಕೆ ಗಣಿತ ಬರೆದರು. ಮರುವರ್ಷ ಡಿಎಚ್-9 ವಿಮಾನದಲ್ಲಿ ಅದೇ ಬಗೆಯ ನಡುಕ ಪ್ರಾಣ ತೆಗೆಯಿತು. ಅದಕ್ಕೂ ಅದೇ ಮದ್ದು.

ತೂಕದ ಸಮತೋಲದ ಗುಟ್ಟು ಹೊಳೆದದ್ದು ನೆದರ್‌ಲೆಂಡ್ಸ್‌ನಲ್ಲಿ. ವಾನ್ ಬರ್ಕೆಲ್ ಸಂಸ್ಥೆಯ ಒಂಟಿ ರೆಕ್ಕೆಯ ವಿಮಾನದ ರೆಕ್ಕೆ ಮತ್ತು ಏಲೆರಾನ್ ಒಟ್ಟಿಗೆ ಕಂಪಿಸಿದ್ದನ್ನು ವಾನ್ ಬೌಮ್‌ಹೌವರ್ ಮತ್ತು ಕೋನಿಂಗ್ 1922ರ ಸುಮಾರಿಗೆ ಅಧ್ಯಯನ ಮಾಡಿ, ಏಲೆರಾನ್‌ನ ಭಾರಕೇಂದ್ರವನ್ನು ಕೀಲಿನತ್ತ ಸರಿಸಿದರೆ ಸಾಕೆಂದು ತೋರಿಸಿದರು. 1928ರಲ್ಲಿ ಬ್ರಿಟನ್ನಿನ ಫ್ರೇಜರ್ ಮತ್ತು ಡಂಕನ್, 1935ರಲ್ಲಿ ಅಮೆರಿಕದ ಥಿಯೋಡೋರ್ಸನ್ ಈ ಶಾಸ್ತ್ರಕ್ಕೆ ಗಟ್ಟಿ ಅಡಿಪಾಯ ಹಾಕಿದರು.

ಆದರೆ ಆ ಗಣಿತ ಸಣ್ಣ ವಿಮಾನ ಮಾಡುವವರ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಪೈಪರ್ ಕಬ್‌ನಂಥ ನಿಧಾನದ ವಿಮಾನಗಳು ಏಲೆರಾನ್‌ಗೆ ಸೀಸವಿಲ್ಲದೆಯೇ ನೆಮ್ಮದಿಯಾಗಿ ಹಾರುತ್ತಿದ್ದವು. ವೇಗ ಏರಿದಂತೆ ಆ ನೆಮ್ಮದಿ ಹೋಯಿತು. 1950ರ ದಶಕದಲ್ಲಿ ಅಮೆರಿಕದ ನಾಗರಿಕ ವಿಮಾನಯಾನ ಆಡಳಿತ ‘ರಿಪೋರ್ಟ್ 45’ ಎಂಬ ಸರಳ ಕೈಪಿಡಿಯನ್ನು ಬಳಕೆಗೆ ತಂದಿತು. ರೆಕ್ಕೆಯ ಬಿಗಿ, ಏಲೆರಾನ್ ಮತ್ತು ಎಲಿವೇಟರ್‌ಗಳ ಸಮತೋಲ, ಹಲಗೆಯ ಹಿಂದಂಚಿನ ಪುಟ್ಟ ಪಟ್ಟಿಯಾದ ಟ್ರಿಮ್ ಟ್ಯಾಬಿನ ಸಡಿಲು ಎಷ್ಟಿದ್ದರೆ ಕ್ಷೇಮವೆಂದು ಅದು ಸೂತ್ರಗಳಲ್ಲಿ ಹೇಳಿತು. ಅದೇ ಕಾಲಕ್ಕೆ, 1953ರಲ್ಲಿ, ಪಾಲ್ ಪೊಬೆರೆಜ್ನಿ ಹವ್ಯಾಸಿ ವಿಮಾನ ನಿರ್ಮಾಪಕರ ಸಂಘ ಇಎಎಯನ್ನು ಕಟ್ಟಿದರು. ಕಾರ್ಖಾನೆಯ ವಿದ್ಯೆ ಮನೆಯಂಗಳಕ್ಕೆ ಇಳಿಯಿತು.

ಕರ್ನಾಟಕದ ಕವಲು

ಕರ್ನಾಟಕದಲ್ಲಿ ಹಗುರ ವಿಮಾನದ ಕಸುಬು ಬೇರೆ ದಾರಿಯಿಂದ ಬಂತು. ಮೈಸೂರು ಸಂಸ್ಥಾನದ ಬೆಂಬಲದಿಂದ 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹಿರಾಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. 1958ರಲ್ಲಿ ಬಂದ ಪುಷ್ಪಕ್ ಫ್ಲೈಯಿಂಗ್ ಕ್ಲಬ್‌ಗಳ ವಿಮಾನ. ಅದು ಬಟ್ಟೆ ಹೊದಿಸಿದ ವಿಮಾನ. ಇಂಥ ವಿಮಾನಗಳಲ್ಲಿ ಬಟ್ಟೆಯನ್ನು ಬಿಗಿಗೊಳಿಸುವ ಡೋಪ್ ಎಂಬ ಲೇಪ ಬಳಿದಷ್ಟೂ, ತೇಪೆ ಹಾಕಿದಷ್ಟೂ ಹಿಂಬದಿಯ ತೂಕ ಏರುತ್ತದೆ. ರಿಪೇರಿ ಮಾಡುವವರ ಕೈಯಲ್ಲೇ ಸಮತೋಲ ಬದಲಾಗುವ ಅಪಾಯ ಆಗಿನಿಂದಲೇ ಇತ್ತು.

ಎಲ್‌ಸಿಆರ್‌ಎ ತಂದುಕೊಟ್ಟದ್ದು ಹೊಸ ಸಾಮಗ್ರಿಯ ಅನುಭವ. ಆ ಅನುಭವ ಎನ್‌ಎಎಲ್‌ನ ಹಂಸ ವಿಮಾನಕ್ಕೆ ಆಧಾರವಾಯಿತು. ಹಂಸ ಮೊದಲು ಹಾರಿದ್ದು 1993ರ ನವೆಂಬರ್ 17ರಂದು. ಹಂಸ-3ಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಮಾನ್ಯತೆ ಸಿಕ್ಕಿದ್ದು 2000ದಲ್ಲಿ. ಹಂಸ-ಎನ್‌ಜಿ ಹಾರಿದ್ದು 2021ರ ಸೆಪ್ಟೆಂಬರಿನಲ್ಲಿ. ಇಂಥ ಫೈಬರ್ ವಿಮಾನ ನಯವಾಗಿ ಕಾಣಲು ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆಯಬೇಕು. ಹಲಗೆಗಳ ಮೇಲೆ ಪುಟ್ಟಿ, ಬಣ್ಣ ಎರಡರ ತೂಕವೂ ಬಹುಪಾಲು ಕೀಲಿನ ಹಿಂದೆಯೇ ಸೇರುತ್ತದೆ.

ಬೆಂಗಳೂರಿನ ಇನ್ನೊಂದು ಕೊಡುಗೆ ಹವ್ಯಾಸಿ ಲೋಕಕ್ಕೆ ಇನ್ನೂ ಹತ್ತಿರದ್ದು. ಫ್ರಾನ್ಸ್ ಮೂಲದ ಜೋಯೆಲ್ ಕೋಶ್ಲಿನ್ ಕಟ್ಟಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ವಿಮಾನಗಳು ಬಿಡಿಭಾಗಗಳ ಕಿಟ್ ಆಗಿ ಹಡಗೇರಿ ಹೋದವು. ಬ್ರಿಟನ್ನಿನ ಹವ್ಯಾಸಿಗಳು ಅವನ್ನು ತಮ್ಮ ಶೆಡ್‌ಗಳಲ್ಲಿ ಜೋಡಿಸಿ ಹಾರಿಸಿದರು.

ಮೇಜಿನ ಮೇಲಿನ ಲೆಕ್ಕ

ಸಮತೋಲ ನೋಡುವ ಕೆಲಸಕ್ಕೆ ದುಬಾರಿ ಯಂತ್ರ ಬೇಡ. ಎಲಿವೇಟರನ್ನು ವಿಮಾನದಿಂದ ಬಿಚ್ಚಿ, ಕೀಲಿನ ಗೆರೆಯಲ್ಲಿ ಎರಡು ಆಸರೆಗಳ ಮೇಲೆ ಸಲೀಸಾಗಿ ತಿರುಗುವಂತೆ ಕೂರಿಸಬೇಕು. ಕೀಲಿನಲ್ಲಿ ಬಿಗಿತವಿದ್ದರೆ ಲೆಕ್ಕ ಸುಳ್ಳಾಗುತ್ತದೆ; ಫ್ಯಾನ್ ಗಾಳಿಯೂ ಬೇಡ. ಹಲಗೆ ಮಟ್ಟವಾಗಿರುವಂತೆ ಹಿಂಬದಿಯ ಅಂಚನ್ನು ಒಂದು ಡಿಜಿಟಲ್ ತಕ್ಕಡಿಯ ಮೇಲೆ ಊರಿ ತೂಕ ಓದಬೇಕು. ಅಂಚು ಕೀಲಿನಿಂದ 30 ಸೆಂ.ಮೀ. ದೂರವಿದ್ದು ತಕ್ಕಡಿ 500 ಗ್ರಾಂ ತೋರಿಸಿದರೆ, ಎರಡನ್ನೂ ಗುಣಿಸಿ ಬರುವ ಹಿಂಭಾರ 15 ಕಿಲೋ-ಸೆಂ.ಮೀ. ಕೀಲಿನ ಮುಂದೆ 15 ಸೆಂ.ಮೀ. ದೂರದಲ್ಲಿ 1 ಕಿಲೋ ಸೀಸ ಕೂರಿಸಿದರೆ ಸರಿತೂಗುತ್ತದೆ.

ಈಗ ಬಣ್ಣದ ಸರದಿ. 200 ಗ್ರಾಂ ಬಣ್ಣ ಕೀಲಿನಿಂದ ಸರಾಸರಿ 12 ಸೆಂ.ಮೀ. ಹಿಂದೆ ಹರಡಿತು ಎಂದಿಟ್ಟುಕೊಳ್ಳಿ. 2.4 ಕಿಲೋ-ಸೆಂ.ಮೀ. ಹಿಂಭಾರ ಮರಳಿ ಬಂತು. ತಕ್ಕಡಿ ಮತ್ತೆ 80 ಗ್ರಾಂ ತೋರಿಸುತ್ತದೆ. ಅದನ್ನು ತೂಗಿಸಲು ಇನ್ನೂ 160 ಗ್ರಾಂ ಸೀಸ ಬೇಕು. ಆದ್ದರಿಂದಲೇ ಬಣ್ಣ ಒಣಗಿದ ಮೇಲಿನ ಅಳತೆಯೇ ಕೊನೆಯ ಅಳತೆ. ವಿನ್ಯಾಸಕಾರ ಎಷ್ಟು ವ್ಯತ್ಯಾಸಕ್ಕೆ ಎಡೆ ಕೊಟ್ಟಿದ್ದಾನೋ ಅಷ್ಟರೊಳಗೆ ಅದು ಕೂರಬೇಕು.

ಸೀಸ ಎಲ್ಲಿದೆ ಎಂಬುದೂ ಮುಖ್ಯ. ರೆಕ್ಕೆಯ ತುದಿ ಹೆಚ್ಚು ಕುಣಿಯುತ್ತದೆ, ಬುಡ ಕಡಿಮೆ. ಬುಡದಲ್ಲಿಟ್ಟ ತೂಕ ಮೇಜಿನ ಮೇಲೆ ಸರಿತೂಗಿದರೂ ಹಾರಾಟದಲ್ಲಿ ತುದಿಯ ಕುಣಿತವನ್ನು ತಡೆಯಲಾರದು. ಅಮೆರಿಕದ ವ್ಯಾನ್ಸ್ ಆರ್‌ವಿ ವಿಮಾನಗಳ ಹಲವು ಮಾದರಿಗಳಲ್ಲಿ ಏಲೆರಾನ್‌ನ ಮುಂದಿನ ಅಂಚಿನೊಳಗೆ ನೀರಿನ ಪೈಪಿನ ತುಂಡನ್ನು ಉದ್ದಕ್ಕೂ ಕೂರಿಸುತ್ತಾರೆ. ಇನ್ನು ತೂಕವನ್ನು ಹಿಡಿದ ತೋಳು ಗಟ್ಟಿಯಿರಬೇಕು. ಅಮೆರಿಕದ ನಿಯಮ ಆ ಜೋಡಣೆ ಹಲಗೆಗೆ ಲಂಬವಾಗಿ ತೂಕದ 24 ಪಟ್ಟು ಬಲ ತಾಳಬೇಕೆಂದು ಹೇಳಿತ್ತು. ಹಾರಾಟದಲ್ಲಿ ಕಳಚಿ ಬಿದ್ದ ಸೀಸ, ಮೊದಲಿನಿಂದಲೂ ಇಲ್ಲದ ಸೀಸಕ್ಕಿಂತ ಅಪಾಯಕಾರಿ, ಏಕೆಂದರೆ ಪೈಲಟ್ ಅದನ್ನು ನಂಬಿ ವೇಗ ಏರಿಸಿರುತ್ತಾನೆ.

ಇತ್ತೀಚಿನ ಎಚ್ಚರಿಕೆ

ಶಾಸ್ತ್ರ ತಿಳಿದು ಎಂಬತ್ತು ವರ್ಷ ದಾಟಿದ ಮೇಲೂ ಪಾಠ ಮತ್ತೆ ಕಲಿಯಬೇಕಾಯಿತು. ಝೋಡಿಯಾಕ್ ಸಿಎಚ್ 601 ಎಕ್ಸ್‌ಎಲ್ ಎಂಬ ಜನಪ್ರಿಯ ಹಗುರ ವಿಮಾನದ ಏಲೆರಾನ್‌ಗಳಿಗೆ ತೂಕದ ಸಮತೋಲವಿರಲಿಲ್ಲ; ಕೇಬಲ್ಲಿನ ಬಿಗಿತವೇ ನಡುಕ ತಡೆಯುತ್ತದೆಂಬ ಭರವಸೆಯಿತ್ತು. 2006ರಿಂದ ಈ ಬಗೆಯ ಹಲವು ವಿಮಾನಗಳು ಆಕಾಶದಲ್ಲೇ ಮುರಿದುಬಿದ್ದವು. 2009ರ ಏಪ್ರಿಲ್‌ನಲ್ಲಿ ಅಮೆರಿಕದ ಅಪಘಾತ ತನಿಖಾ ಮಂಡಳಿ ಅವುಗಳ ಹಾರಾಟ ನಿಲ್ಲಿಸಲು ಶಿಫಾರಸು ಮಾಡಿತು. ಆ ವರ್ಷದ ಕೊನೆಗೆ ಬಂದ ಸುಧಾರಣೆಗಳಲ್ಲಿ ರೆಕ್ಕೆಯ ಬಲವರ್ಧನೆಯ ಜೊತೆಗೆ ಏಲೆರಾನ್‌ಗೆ ಸಮತೋಲದ ತೂಕವೂ ಇತ್ತು. 2011ರಲ್ಲಿ ಅಮೆರಿಕದ ರೀನೋ ವಿಮಾನ ಪಂದ್ಯದಲ್ಲಿ ಒಂದು ವಿಮಾನದ ಹಳೆಯ ಲಾಕ್‌ನಟ್‌ಗಳು ಸಡಿಲಗೊಂಡು ಎಲಿವೇಟರಿನ ಟ್ರಿಮ್ ಟ್ಯಾಬ್ ನಡುಗಿ ಅದು ನೆಲಕ್ಕಪ್ಪಳಿಸಿತು. ಪೈಲಟ್ ಸೇರಿ 11 ಜನ ಸತ್ತರು. ಅಂಗೈಯಷ್ಟು ಸಡಿಲು ಬೇಕಿಲ್ಲ, ಒಂದು ನಟ್ಟಿನ ಸಡಿಲು ಸಾಕು.

ಮುಂದಿನ ದಾರಿ

ಭಾರತದಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರು ಇನ್ನೂ ವಿರಳ. ಮುಂಬೈಯಲ್ಲಿ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದ ಅಮೋಲ್ ಯಾದವ್ ಅವರಿಗೆ ಡಿಜಿಸಿಎ ನೋಂದಣಿ ಸಿಕ್ಕಿದ್ದು 2017ರಲ್ಲಿ, ವರ್ಷಗಳ ಅಲೆದಾಟದ ನಂತರ. ಆದರೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಾದರಿ ವಿಮಾನ, ಸ್ಥಿರ ರೆಕ್ಕೆಯ ಡ್ರೋನ್ ಕಟ್ಟುವ ಹುಡುಗ ಹುಡುಗಿಯರಿದ್ದಾರೆ. ಮೈಸೂರು ಸೀಮೆಯ ತಿ. ನರಸೀಪುರ, ಸೋಮನಾಥಪುರದ ಕಡೆಯ ಮಕ್ಕಳಿಗೂ ಈ ವಿದ್ಯೆ ಕನ್ನಡದಲ್ಲೇ ಸಿಗಬೇಕು. ಎನ್‌ಎಎಲ್, ಎಚ್‌ಎಎಲ್‌ಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಅದನ್ನು ಬರೆದಿಡಬೇಕು, ಕಾಲೇಜಿನ ವರ್ಕ್‌ಶಾಪಿನಲ್ಲಿ ಕೈಹಿಡಿದು ತೋರಿಸಬೇಕು.

ಕಟ್ಟುವವರಿಗೆ ಹೇಳುವುದು ಇಷ್ಟೇ. ಪ್ರತಿ ಹಲಗೆಯ ತೂಕ, ಹಿಂಭಾರ, ಅಳೆದ ದಿನಾಂಕವನ್ನು ಲಾಗ್‌ಬುಕ್ಕಿನಲ್ಲಿ ಬರೆಯಿರಿ. ಬಣ್ಣ ಹೊಡೆದ ಮೇಲೆ, ತೇಪೆ ಹಾಕಿದ ಮೇಲೆ, ಟ್ಯಾಬ್ ಬದಲಿಸಿದ ಮೇಲೆ ಮತ್ತೆ ಅಳೆಯಿರಿ. ಲೆಕ್ಕ ಸರಿಯಾಗುವವರೆಗೆ ಹಾರಬೇಡಿ.