ಗದ್ದೆ, ಕೊಳಗ, ಕಾಗದ

ಜುಲೈ ಬಂತು ಅಂದ್ರೆ ಬೆಂಗಳೂರಿನ ಆಫೀಸುಗಳ ವಾಟ್ಸಾಪ್ ಗ್ರೂಪುಗಳೆಲ್ಲ ಹಸಿರಾಗಿಬಿಡುತ್ತವೆ. ಯಾರೋ ಬಾಲಿಯ ಮೆಟ್ಟಿಲು ಗದ್ದೆಗಳ ಫೋಟೋ ಹಾಕ್ತಾರೆ. ಇನ್ಯಾರೋ 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಫಿಲಿಪ್ಪೀನ್ಸಿನ ಬೆಟ್ಟದ ಗದ್ದೆಗಳ ವಿಡಿಯೋ ಕಳಿಸ್ತಾರೆ. ಟಿಕೆಟ್ ರೇಟು, ವೀಸಾ, ರಜೆ ಎಲ್ಲದರ ಚರ್ಚೆ ಮುಗಿದ ಮೇಲೆ ಯಾರಾದರೂ ಒಬ್ಬರು "ನಮ್ಮ ಮಲೆನಾಡೇ ಇದೆಯಲ್ರೋ" ಅಂತಾರೆ. ನಮ್ಮ ಟೀಮಿನಲ್ಲೂ ಹೀಗೇ ಆಯ್ತು. ಐದು ಜನ ಶುಕ್ರವಾರ ರಾತ್ರಿ ರೈಲು ಹತ್ತಿ, ಶನಿವಾರ ಬೆಳಿಗ್ಗೆ ಸಾಗರದಲ್ಲಿ ಇಳಿದೆವು. ಹತ್ತಿರದ ಹಳ್ಳಿಯೊಂದರಲ್ಲಿ ಒಂದು ರಾತ್ರಿ ಇದ್ದು ಬರುವುದು ಅಂತ ಪ್ಲಾನು.

ನನ್ನೂರು ಮುಡಬಿ. ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲೂಕು. ನಮ್ಮ ಕಡೆ ಹೊಲ ಅಂದ್ರೆ ಕಣ್ಣು ಹಾಯುವಷ್ಟು ದೂರ ತೊಗರಿ, ಸೋಯಾ, ಹಿಂಗಾರಿಗೆ ಜೋಳ, ಕಡಲೆ. ಬದು ಇರುವುದು ಓಡಿಹೋಗುವ ನೀರನ್ನು ಒಂದಿಷ್ಟು ಹೊತ್ತು ಹಿಡಿದು ನೆಲಕ್ಕೆ ಕುಡಿಸಲಿಕ್ಕೆ. ಸಾಗರದಲ್ಲಿ ನೋಡಿದರೆ ಕೆಲಸ ಉಲ್ಟಾ. ನೀರು ಬೇಕಾದಷ್ಟಿದೆ, ಅದನ್ನು ಒಂದೊಂದೇ ಮೆಟ್ಟಿಲು ಇಳಿಸಿ ಕೆಳಗೆ ಕಳಿಸಬೇಕು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಬೈಲು ಗದ್ದೆ. ಅದರ ಪಕ್ಕದ ಇಳಿಜಾರಿನಲ್ಲಿ ಮೆಟ್ಟಿಲಾಗಿ ಏರುವುದು ಮಕ್ಕಿ ಗದ್ದೆ. ಮಕ್ಕಿಗೆ ಮಳೆಯೇ ಆಧಾರ. ಮೇಲಿನ ಗದ್ದೆ ತುಂಬಿದ ಮೇಲೆ ಅಂಚಿನಲ್ಲಿ ಬಿಟ್ಟ ಕಂಡಿಯಿಂದ ನೀರು ಕೆಳಗಿನದಕ್ಕೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಬಾಲಿಯಷ್ಟು ಎತ್ತರ, ಇಫುಗಾವೊದಷ್ಟು ಕಡಿದು ಇಲ್ಲಿಲ್ಲ. ಆದರೆ ಲೆಕ್ಕಾಚಾರ ಅದೇ.

ನೆಲ ಮಟ್ಟಸವಾಗಿದೆಯೋ ಇಲ್ಲವೋ ಅಂತ ನೋಡಲು ಅಲ್ಲಿ ಉಪಕರಣ ಬೇಡ, ನಿಂತ ನೀರೇ ಹೇಳುತ್ತದೆ. ಒಂದು ಮೂಲೆಯಲ್ಲಿ ಮಣ್ಣು ಮೇಲೆದ್ದು ಕಂಡರೆ ಅದನ್ನು ಎಳೆದು ತಗ್ಗಿಗೆ ಹಾಕಬೇಕು. ವರ್ಷಾ ವರ್ಷಾ ನಾಟಿಗೆ ಮುಂಚೆ ಅಂಚಿನ ಹುಲ್ಲು ಕೆತ್ತಿ, ಏಡಿ ಕೊರೆದ ಬಿಲ ಮುಚ್ಚಿ, ಕೆಸರು ಮೆತ್ತಿ ನಯ ಮಾಡಬೇಕು. ಒಬ್ಬನು ತನ್ನ ಅಂಚು ಬಿಟ್ಟುಕೊಟ್ಟರೆ ಕೆಳಗಿನವನ ನಾಟಿಯೂ ಕೊಚ್ಚಿಹೋಗುತ್ತದೆ. ಹಾಗಾಗಿ ಕೆಲಸಕ್ಕೆ ಮುಯ್ಯಾಳು: ಇವತ್ತು ನಿನ್ನ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಂಚಿನ ಮೇಲೆ ನಿಂತು ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಪ್ಪ ಎಲ್ಲ ಕೇಳಿ ಒಂದೇ ಮಾತು ಅಂದ: "ಮ್ಯಾಲಿನಂವ ನೀರು ಬಿಡಲಿಲ್ಲಂದ್ರ ಕೆಳಗಿನಂವ ಏನ್ ಮಾಡ್ತಾನ? ಆ ಹೊಲ ಯಾರವು, ಅದು ಮೊದಲು ಕೇಳು."

ಕೇಳಬೇಕಾದ ಪ್ರಶ್ನೆಯೇ. ಯಾಕೆಂದರೆ ಕರ್ನಾಟಕದಲ್ಲಿ "ಹೊಲ ಯಾರದು" ಅನ್ನುವ ಪ್ರಶ್ನೆಯನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದು ಇದೇ ಸಾಗರ ತಾಲೂಕಿನ ಗದ್ದೆಗಳಲ್ಲಿ.

ನಾವು ಉಳಿದಿದ್ದ ಮನೆಯ ಜಗಲಿಯಲ್ಲಿ ಒಂದು ಹಳೇ ಕೊಳಗ ಇತ್ತು. ಭತ್ತ ಅಳೆಯುವ ಪಾತ್ರೆ. ಈಗ ಅದರಲ್ಲಿ ಕೊಡೆಗಳನ್ನು ನಿಲ್ಲಿಸಿದ್ದರು. ನನ್ನ ಜೊತೆಗಿದ್ದವನೊಬ್ಬ ಅದನ್ನು "ಸಖತ್ ವಿಂಟೇಜ್" ಅಂತ ಫೋಟೋ ತೆಗೆಯುತ್ತಿದ್ದಾಗ ಮನೆಯ ಅಜ್ಜ ನಕ್ಕರು. ಕೊಳಗ ಚಂದ ಇರಬಹುದು, ಆದರೆ ಆ ಮನೆಯವರಿಗೆ ಅದರ ಮೇಲೆ ಅಂಥಾ ಪ್ರೀತಿಯೇನೂ ಇಲ್ಲ. "ಗೇಣಿ ಅಳಿಯೋ ದಿನ ನಮ್ಮಪ್ಪ ಮನೇಲಿ ಮಾತೇ ಆಡ್ತಿರ್ಲಿಲ್ಲ" ಅಂದರು.

ಗೇಣಿ ಅಂದ್ರೆ ಭೂಮಿಯ ಒಡೆಯನಿಗೆ ಕೊಡಬೇಕಾದ ಬಾಡಿಗೆ. ಅದು ದುಡ್ಡಿನಲ್ಲಿ ಅಲ್ಲ, ಭತ್ತದಲ್ಲಿ. ಇಷ್ಟು ಕೊಳಗ ಅಂತ ಮಾತು. ಸಮಸ್ಯೆ ಶುರುವಾಗುವುದು ಅಲ್ಲೇ: ಯಾರ ಕೊಳಗ? ಉದಾಹರಣೆಗೆ ಒಂದು ಲೆಕ್ಕ ಇಟ್ಕೊಳ್ಳಿ. ಕೊಳಗಕ್ಕೆ 3 ಸೇರು, ಗೇಣಿ 100 ಕೊಳಗ ಅಂದರೆ 300 ಸೇರು ಭತ್ತ. ಅಳೆಯುವ ಕೊಳಗ ಅರ್ಧ ಸೇರು ದೊಡ್ಡದಿದ್ದರೆ 350 ಸೇರು ಹೋಯಿತು. ಬಾಯಲ್ಲಿ ಹೇಳಿದ ಸಂಖ್ಯೆ ಮಾತ್ರ ಬದಲಾಗಿಲ್ಲ, ಆಗಲೂ 100, ಈಗಲೂ 100. ಡೇಟಾಬೇಸಿನಲ್ಲಿ ನಂಬರ್ ಮುಟ್ಟದೆ ಯೂನಿಟ್ ಬದಲಾಯಿಸಿದ ಹಾಗೆ. ನಮ್ಮ ಕೋಡ್‌ನಲ್ಲಿ ಇಂಥಾ ಬಗ್ ಹಿಡಿಯೋಕೆ ಟೆಸ್ಟಿಂಗ್ ಟೀಮ್ ಇರುತ್ತೆ. ಗೇಣಿದಾರನ ಹತ್ತಿರ ರಶೀದಿಯೂ ಇರುತ್ತಿರಲಿಲ್ಲ. ರಶೀದಿ ಇಲ್ಲ ಅಂದ ಮೇಲೆ ಆತ ಆ ಗದ್ದೆಯಲ್ಲಿ ದುಡಿದಿದ್ದಕ್ಕೇ ಪುರಾವೆ ಇಲ್ಲ. ಪ್ರಶ್ನೆ ಮಾಡಿದರೆ ಗದ್ದೆ ಬಿಡಿಸಿದರೆ ಆಯಿತು.

ಕಾಗೋಡಿನಲ್ಲಿ ಆಗಿದ್ದು ಅದೇ. ಸಾಗರದ ಪಕ್ಕದ ಆ ಸಣ್ಣ ಊರಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ರೈತ ಸಂಘದಲ್ಲಿ ಒಟ್ಟುಗೂಡಿಸಿದರು. ನ್ಯಾಯವಾದ ಕೊಳಗ, ಗೇಣಿಗೆ ರಶೀದಿ, ಬಿಟ್ಟಿ ಚಾಕರಿ ಬೇಡ ಎಂಬಂಥ ಬೇಡಿಕೆಗಳು. ಇವತ್ತು ಓದಿದರೆ ಇಷ್ಟಕ್ಕೆಲ್ಲ ಹೋರಾಟ ಬೇಕಿತ್ತಾ ಅನಿಸುತ್ತೆ. ಆದರೆ ಸಂಘ ಕಟ್ಟಿದವರನ್ನು ಒಡೆಯರು ಗದ್ದೆಯಿಂದ ಹೊರಗಿಟ್ಟರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು, ಬರಬಾರದು ಎಂದಿದ್ದ ಆ ಗದ್ದೆಗಳಿಗೇ ಇಳಿದರು. ಪೊಲೀಸರು ಹಿಡಿದರು. ಮತ್ತೊಂದು ತಂಡ ಬಂತು, ಅವರನ್ನೂ ಹಿಡಿದರು. ಕಾಗೋಡು ಸತ್ಯಾಗ್ರಹ ಅನ್ನುವುದು ಇದನ್ನೇ.

ಏಪ್ರಿಲ್ ಅನ್ನುವುದನ್ನು ಗಮನಿಸಿ. ಮಲೆನಾಡಿನ ಗದ್ದೆಗೆ ಅದು ಮಳೆಗೆ ಮುಂಚಿನ ಉಳುಮೆ ಕಾಲ. ಆ ಹೊತ್ತಿಗೆ ಗದ್ದೆ ಕೈಬಿಟ್ಟರೆ ಇಡೀ ವರ್ಷದ ಅನ್ನ ಕೈಬಿಟ್ಟ ಹಾಗೆ. ಜೊತೆಗೆ ಇನ್ನೊಂದಿದೆ. ಮೆಟ್ಟಿಲು ಗದ್ದೆ ಯಾರಿಗೂ ಸಿದ್ಧವಾಗಿ ಸಿಕ್ಕಿದ್ದಲ್ಲ. ಗುಡ್ಡ ಕಡಿದು, ಮಣ್ಣು ಹೊತ್ತು, ವರ್ಷಾ ವರ್ಷಾ ಅಂಚು ಕಟ್ಟಿ ತಲೆಮಾರುಗಳು ಮಾಡಿದ್ದು. ಹಾಗೆ ಮಾಡಿದವನನ್ನೇ ಎಬ್ಬಿಸಿದರೆ ಹೋಗುವುದು ಬರೀ ಜಮೀನಲ್ಲ, ಅವರಜ್ಜನ ಕಾಲದಿಂದ ಹಾಕಿದ ಕೂಲಿಯೆಲ್ಲ ಹೋಯಿತು.

ಆ ಜೂನಿನಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದರು, ಬಂಧಿತರಾದರು. ದೇಶದ ಪತ್ರಿಕೆಗಳಿಗೆ ಕಾಗೋಡು ಎಂಬ ಹೆಸರು ಗೊತ್ತಾಗಿದ್ದು ಆಗ. ಆರಗದ ಹುಡುಗ ಶಾಂತವೇರಿ ಗೋಪಾಲಗೌಡರು ಈ ಹೋರಾಟದಲ್ಲೇ ನಾಯಕರಾಗಿ ಬೆಳೆದು, 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಶಾಸನಸಭೆಗೆ ಹೋದರು. ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿ ಓದಿದವರಿಗೆ ಗೋಪಾಲಗೌಡರ ನೆರಳು ಪರಿಚಯವಿರುತ್ತದೆ. ಆದರೆ ಗೇಣಿದಾರರಿಗೆ ಗದ್ದೆ ಕೂಡಲೇ ಸಿಗಲಿಲ್ಲ. ಜೈಲು ಸಿಕ್ಕಿತು, ಕೋರ್ಟು ಸಿಕ್ಕಿತು.

ಇಲ್ಲಿ ಬೀದರಿನವನಾಗಿ ನನಗೆ ಒಂದು ಮಾತು ಹೇಳಲಿಕ್ಕಿದೆ. ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯ ಹೆಸರು ಹೇಳಿದರೆ "ಓ, ಹಿಂದುಳಿದ ಕಡೆಯವರು" ಎಂಬ ಒಂದು ಮುಖ ಬರುತ್ತದೆ. ಹಳೇ ಮೈಸೂರು ಮಾದರಿ ರಾಜ್ಯ, ನಾವು ನಿಜಾಮನ ರಾಜ್ಯದವರು. ನಮ್ಮ ಬಸವಕಲ್ಯಾಣ ಆಗ ಬರೀ ಕಲ್ಯಾಣಿ, ನವಾಬರ ಜಾಗೀರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ಬಂತು. ಅದರಲ್ಲಿ "ರಕ್ಷಿತ ಗೇಣಿದಾರ" ಅಂತಲೇ ಒಂದು ವರ್ಗ. ಮೈಸೂರು ರಾಜ್ಯದಲ್ಲಿ ಗೇಣಿ ಕಾಯ್ದೆ ಆಗಿದ್ದು 1952ರಲ್ಲಿ, ಅದೂ ಕಾಗೋಡು ಆದ ಮೇಲೆ. ಅಂದರೆ 1951ರಲ್ಲಿ ಕಾಗೋಡಿನ ಗೇಣಿದಾರ ನೇಗಿಲು ಹಿಡಿದು ಜೈಲಿಗೆ ಹೋಗುವಾಗ, ಕಾಗದದ ಮಟ್ಟಿಗಾದರೂ, ನಮ್ಮ ಕಡೆಯ ಗೇಣಿದಾರನಿಗೆ ಆತನಿಗಿಂತ ಹೆಚ್ಚಿನ ರಕ್ಷಣೆ ಇತ್ತು.

ಇದರಲ್ಲಿ ನಮ್ಮ ಕಡೆಯ ಸರ್ಕಾರದ ದೊಡ್ಡತನ ಏನಿಲ್ಲ. ಪಕ್ಕದ ತೆಲಂಗಾಣದಲ್ಲಿ 1946ರಿಂದ ರೈತರು ಬಂದೂಕು ಹಿಡಿದು ಕೂತಿದ್ದರು. ಆ ಹೆದರಿಕೆಯಿಲ್ಲದಿದ್ದರೆ ಅಷ್ಟು ಬೇಗ ಕಾಯ್ದೆ ಬರುತ್ತಿರಲಿಲ್ಲ. ಬಂದ ಕಾಯ್ದೆಯೂ ಊರೂರಿಗೆ ತಲುಪಲಿಲ್ಲ. ಪಟೇಲ, ಪಟವಾರಿ ಬರೆದ ಹೆಸರಷ್ಟೇ ಹೆಸರು. ಓದು ಬಾರದವನಿಗೆ ತಾನು ರಕ್ಷಿತನೋ ಅಲ್ಲವೋ ಅನ್ನುವುದೇ ಗೊತ್ತಿರಲಿಲ್ಲ. ಒಂದು ಕಡೆ ಕಾಗದವಿದೆ, ಅದನ್ನು ಹಿಡಿದು ನಿಲ್ಲುವ ಸಂಘವಿಲ್ಲ. ಇನ್ನೊಂದು ಕಡೆ ಸಂಘವಿದೆ, ಕಾಗದವಿಲ್ಲ. ನವೆಂಬರ್ 1, 1956ರಂದು ಎರಡೂ ಕಡೆಯವರು ಒಂದೇ ರಾಜ್ಯದವರಾದರು.

ಎರಡೂ ಒಟ್ಟಿಗೆ ಸಿಗಲು 1974 ಬರಬೇಕಾಯಿತು. 1961ರ ಭೂಸುಧಾರಣಾ ಕಾಯ್ದೆ ಇತ್ತು, ಆದರೆ ಅದರಲ್ಲಿ ಸಂದಿಗಳು ಬಹಳ. ದೇವರಾಜ ಅರಸು ಸರ್ಕಾರ ಅದಕ್ಕೆ ತಿದ್ದುಪಡಿ ತಂದಿತು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ ನಂಬರ್ 7 ತುಂಬಿ ಕೊಟ್ಟರೆ, ತಾಲೂಕಿನ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಜಮೀನನ್ನು ಅವನ ಹೆಸರಿಗೆ ಮಾಡಬೇಕು. ಮಲೆನಾಡು, ಕರಾವಳಿಯ ಹಳ್ಳಿಗಳಲ್ಲಿ ಇಂದಿಗೂ ಹಿರಿಯರು ಜಮೀನಿನ ಮಾತು ಬಂದರೆ "ಡಿಕ್ಲರೇಷನ್ ಕೊಟ್ಟಿದ್ದು" ಅನ್ನುತ್ತಾರಲ್ಲ, ಅದು ಇದೇ ಅರ್ಜಿ. ಲೋಹಿಯಾ 1967ರಲ್ಲೇ ತೀರಿಕೊಂಡಿದ್ದರು. ಗೋಪಾಲಗೌಡರು 1972ರ ಜೂನಿನಲ್ಲಿ ಹೋದರು. ಇದನ್ನು ನೋಡಲು ಇಬ್ಬರೂ ಇರಲಿಲ್ಲ.

ಕಥೆ ಅಷ್ಟು ಸುಖವಾಗಿ ಮುಗಿಯುವುದೂ ಇಲ್ಲ. ಇದೇ ಸಾಗರ ತಾಲೂಕಿನಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಶರಾವತಿ ಕೊಳ್ಳದ ಎಷ್ಟೋ ಗದ್ದೆಗಳು ಅಂಚು ಸಮೇತ ನೀರಿನಡಿ ಹೋದವು. ಗದ್ದೆ ಹೆಸರಿಗೆ ಬರುವ ಹತ್ತು ವರ್ಷ ಮುಂಚೆಯೇ ಗದ್ದೆಯೇ ಇಲ್ಲ. ಆ ಕರೆಂಟಿನಲ್ಲೇ ಬೆಂಗಳೂರು ಬೆಳೆಯಿತು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ತಕರಾರು ಇವತ್ತಿಗೂ ಬಗೆಹರಿದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗೋಡೆಯ ಮೇಲೆ ಹಸೆ ಚಿತ್ತಾರ ಕಂಡಿತು. ಕೆಮ್ಮಣ್ಣಿನ ಹಿನ್ನೆಲೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ ಗೆರೆ. ದೀವರ ಹೆಣ್ಣುಮಕ್ಕಳು ಬರೆಯುವುದು. ಭೂಮಿ ಹುಣ್ಣಿಮೆಗೂ ಹೀಗೇ ಬುಟ್ಟಿಯ ಮೇಲೆ ಚಿತ್ತಾರ ಬರೆದು, ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರಂತೆ. ಭತ್ತ ಹೊಡೆ ತುಂಬಿದ ಗದ್ದೆ ಬಸುರಿ, ಅವಳಿಗೆ ಬಯಕೆಯ ಊಟ. ನಮ್ಮಲ್ಲಿ ಎಳ್ಳ ಅಮಾಸಿಗೆ ಬಜ್ಜಿ, ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಇದರ ತಂಗಿಯೇ. ಗದ್ದೆ ತಮ್ಮ ಹೆಸರಿನಲ್ಲಿ ಇಲ್ಲದ ಕಾಲದಲ್ಲೂ ಅವರು ಅದಕ್ಕೆ ಸೀಮಂತ ಮಾಡುತ್ತಿದ್ದರು.

ಮರುದಿನ ಅದೇ ಗದ್ದೆಯ ಅಂಚಿನಲ್ಲಿ ನಿಂತು ನನ್ನ ಟೀಮಿನವನೊಬ್ಬ ಕೇಳಿದ: "ಇಲ್ಲಿ ಎಕರೆ ಎಷ್ಟಿರಬಹುದು?" ತಮಾಷೆಗಲ್ಲ, ನಿಜಕ್ಕೇ ಕೇಳಿದ್ದು. ಈಗ ಕೇಳಬಹುದು ಕೂಡ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಇದ್ದಾಗ ವ್ಯವಸಾಯೇತರ ಆದಾಯ ಮಿತಿ ಮೀರಿದವರು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವ ಹಾಗಿರಲಿಲ್ಲ. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಮಾರುವವರಿಗೆ ಒಳ್ಳೇ ಬೆಲೆ ಬರುತ್ತದೆ ಅನ್ನುವ ವಾದವೂ ಸುಳ್ಳಲ್ಲ. ನಾಟಿಗೆ ಆಳು ಸಿಗದೆ, ಮಕ್ಕಳು ಬೆಂಗಳೂರು ಸೇರಿ ಗದ್ದೆ ಹಾಳು ಬಿಟ್ಟವರ ಕಷ್ಟ ನನಗೆ ಗೊತ್ತು. ನಾನೂ ಅಂಥಾ ಮನೆಯ ಮಗನೇ.

ಕೊಳ್ಳುವ ಮನಸ್ಸಿರುವವರು ಒಂದು ಕೆಲಸ ಮಾಡಿ. ಆ ಸರ್ವೆ ನಂಬರಿನ ಪಹಣಿ ತೆಗೆಸಿ. 'ಭೂಮಿ' ತಂತ್ರಾಂಶ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ಐದು ನಿಮಿಷದ ಕೆಲಸ. ಪಹಣಿಯಲ್ಲಿ ಒಡೆಯನ ಹೆಸರಿಗೆ ಒಂದು ಕಲಂ, ಸಾಗುವಳಿ ಮಾಡುವವನ ಹೆಸರಿಗೆ ಬೇರೆ ಕಲಂ ಇದೆ. 1951ರಲ್ಲಿ ನೇಗಿಲು ಹೊತ್ತು ಜೈಲಿಗೆ ಹೋದವರು, 1974ರಲ್ಲಿ ಫಾರಂ 7 ತುಂಬಲು ಸಾಲು ನಿಂತವರು ಕೇಳಿದ್ದು ಆ ಎರಡೂ ಕಲಂಗಳಲ್ಲಿ ಒಂದೇ ಹೆಸರು ಬರಲಿ ಅಂತ. ಮೊದಲ ಕಲಮಿನಲ್ಲಿ ನಾಳೆ ನಿಮ್ಮ ಹೆಸರು ಬರಬಹುದು. ಎರಡನೆಯದರಲ್ಲಿ ಯಾರ ಹೆಸರಿರುತ್ತೆ, ಅವರ ಭತ್ತವನ್ನು ಯಾವ ಕೊಳಗದಲ್ಲಿ ಅಳೀತೀರಿ ಅನ್ನುವುದನ್ನು ಅಡ್ವಾನ್ಸ್ ಕೊಡುವ ಮುಂಚೆಯೇ ಯೋಚಿಸಿಡಿ.