ಇಬ್ನ್ ಬತೂತ ಕಂಡ ಮುಸ್ಲಿಂ ಸ್ತ್ರೀಲೋಕ

ಮಧ್ಯಯುಗದ ಮುಸ್ಲಿಂ ಸ್ತ್ರೀಯರೆಂದೊಡನೆ ಪರದೆಯ ಹಿಂದಿನ ಒಂದೇ ಚಿತ್ರ ನಮ್ಮ ಕಣ್ಣೆದುರು ನಿಲ್ಲುತ್ತದೆ. ಅಂದಿನ ಪ್ರಪಂಚವನ್ನು ಕಣ್ಣಾರೆ ಕಂಡವನೊಬ್ಬನ ಬರಹ ಈ ಕಲ್ಪನೆಯನ್ನು ತಿದ್ದುತ್ತದೆ. ಮೊರಾಕ್ಕೊದ ಟಾಂಜಿಯರ್ ನಗರದಲ್ಲಿ 1304ರಲ್ಲಿ ಜನಿಸಿದ ಇಬ್ನ್ ಬತೂತ 1325ರಲ್ಲಿ ಮನೆ ಬಿಟ್ಟು, ಮೂರು ದಶಕಗಳ ಕಾಲ ಸಂಚರಿಸಿ, ತನ್ನ ಪ್ರವಾಸಕಥನವನ್ನು ಹೇಳಿ ಬರೆಸಿದನು.

ಧರ್ಮಶಾಸ್ತ್ರದ ಮೂಲ ನಿಯಮಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ವಿವಾಹಕಾಲದ 'ಮೆಹರ್' ವಧುವಿಗೇ ಸೇರತಕ್ಕದ್ದು. ಮದುವೆಯಾದ ಮೇಲೂ ಆಕೆಯ ಆಸ್ತಿ ಆಕೆಯದೇ. ತಂದೆಯ ಸ್ವತ್ತಿನಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಆದರೆ ನಿತ್ಯಜೀವನವನ್ನು ರೂಪಿಸಿದ್ದು ಆಯಾ ನಾಡಿನ ಸಂಪ್ರದಾಯ.

1326ರಲ್ಲಿ ಡಮಾಸ್ಕಸ್‌ನಲ್ಲಿ ಅವನಿಗೆ ಹದೀಸ್ ವಿದ್ಯೆಯ ಅನುಮತಿಪತ್ರ ನೀಡಿದವರಲ್ಲಿ ಜೈನಬ್ ಬಿಂತ್ ಅಹ್ಮದ್ ಎಂಬ ವಿದುಷಿಯೂ ಇದ್ದಳು. ಉಜ್ಬೆಕ್ ಖಾನನ ತುರ್ಕಿ ನಾಡಿನಲ್ಲಿ ಹೆಂಗಸರು ಮುಸುಕಿಲ್ಲದೆ ಪೇಟೆಗೆ ಬಂದು ವ್ಯಾಪಾರ ನಡೆಸುತ್ತಿದ್ದರು. ಪಟ್ಟದ ರಾಣಿ ಬಂದಾಗ ಖಾನನೇ ಎದ್ದು ಹೋಗಿ ಎದುರುಗೊಳ್ಳುತ್ತಿದ್ದನು. ಮಾಲ್ಡೀವ್ಸ್ ದ್ವೀಪಗಳನ್ನು ಖದೀಜಾ ಎಂಬ ರಾಣಿ ಆಳುತ್ತಿದ್ದಳು. ಅಲ್ಲಿ ನ್ಯಾಯಾಧೀಶನಾದ ಬತೂತ, ಸ್ತ್ರೀಯರು ಮೈತುಂಬ ಉಡಬೇಕೆಂದು ವಿಧಿಸಿ ಸೋತನು. 1352ರಲ್ಲಿ ಸಹರಾದಾಚೆಯ ವಲಾತಾದಲ್ಲಿ ಆಸ್ತಿಯು ಮಗನಿಗಲ್ಲದೆ ಸೋದರಳಿಯನಿಗೆ ಸಲ್ಲುವುದನ್ನು ಕಂಡು ಬೆರಗಾದನು. ಅಳಿಯಸಂತಾನವನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದು ಅಪರಿಚಿತವೇನಲ್ಲ.

ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೊಂದು ಇಲ್ಲಿದೆ. ನಮ್ಮ ಹೊನ್ನಾವರಕ್ಕೂ ಬಂದಿದ್ದ ಅವನು ಅಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಶಾಲೆಗಳನ್ನು ಕಂಡುದಾಗಿ ತಿಳಿಸುತ್ತಾನೆ. ಅಲ್ಲಿನ ಸ್ತ್ರೀಯರು ಹೊಲಿಯದ ವಸ್ತ್ರವನ್ನುಟ್ಟು, ಮೂಗಿಗೆ ಚಿನ್ನದ ಉಂಗುರ ತೊಟ್ಟಿದ್ದರು; ಅವರೆಲ್ಲರಿಗೂ ಕುರಾನ್ ಕಂಠಪಾಠವಾಗಿತ್ತಂತೆ. ಬೇರೆಲ್ಲಿಯೂ ಇಂಥದನ್ನು ಕಂಡಿಲ್ಲವೆಂದೂ ಅವನು ಹೇಳುತ್ತಾನೆ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. ಹೋದಲ್ಲೆಲ್ಲ ವಿವಾಹವಾಗಿ, ವಿಚ್ಛೇದನ ನೀಡಿ ಮುಂದೆ ಸಾಗಿದವನು ಇದೇ ಬತೂತ. ದಾಸಿಯರನ್ನು ಕೊಂಡುದನ್ನೂ ಉಡುಗೊರೆಯಾಗಿ ಪಡೆದುದನ್ನೂ ಅವನು ಸಂಕೋಚವಿಲ್ಲದೆ ಬರೆಸಿದ್ದಾನೆ. ರಾಣಿ, ವಿದುಷಿಯರ ಹೆಸರುಗಳು ಉಳಿದವು. ಆ ದಾಸಿಯರ ಮಾತು ನಮಗೆ ಕೇಳಿಸುವುದಿಲ್ಲ.

ಆದುದರಿಂದ ಆ ಕಾಲದ ಸ್ತ್ರೀಯರ ಸ್ಥಾನಮಾನವನ್ನು ಒಂದೇ ಮಾತಿನಲ್ಲಿ ಹೊಗಳುವುದೂ ತೆಗಳುವುದೂ ಉಚಿತವಲ್ಲ. ಯಾವ ನಾಡು, ಯಾವ ವರ್ಗ, ಯಾವ ಮನೆತನ ಎಂದು ಮೊದಲು ಕೇಳುವುದನ್ನು ನಾವು ರೂಢಿಸಿಕೊಳ್ಳಬೇಕು. ಹೊರನಾಡಿನಲ್ಲಿ ನೆಲೆಸಿ, ಪರರು ನಮ್ಮನ್ನು ಒಂದೇ ಮಾತಿನಲ್ಲಿ ಅಳೆದಾಗ ನೊಂದುಕೊಳ್ಳುವ ನಮಗೆ ಈ ಎಚ್ಚರ ಕಷ್ಟವಾಗಲಾರದು.