ಅರಳು ಮರಳಿನಿಂದ ಆರೈಕೆಯವರೆಗೆ: ಲಂಡನ್ನಿನ ವೃದ್ಧರ ಮನೆಗಳ ಕಥೆ

‘ಅರವತ್ತಕ್ಕೆ ಅರಳು ಮರಳು’ ಅನ್ನೋ ಗಾದೆ ನಮಗೆಲ್ಲ ಗೊತ್ತು. ವಯಸ್ಸಾದ ಮೇಲೆ ಮರೆಯೋದು ಸಹಜ, ಅದಕ್ಕೆ ಮಾಡೋದೇನಿದೆ ಎಂಬ ಭಾವ ಅದರಲ್ಲಿದೆ. ನಾನು ಪಶ್ಚಿಮ ಲಂಡನ್ನಿನ ಒಂದು ವೃದ್ಧರ ವಸತಿಯಲ್ಲಿ, ಡಿಮೆನ್ಷಿಯಾ ಇರುವವರ ವಿಭಾಗದಲ್ಲಿ ಆರೈಕೆ ಕೆಲಸ ಮಾಡುತ್ತೇನೆ. ಇಲ್ಲಿನ ಬೆಳಕು, ತೋಟ, ಕೋಣೆಯ ಬಾಗಿಲಿಗೆ ಅಂಟಿಸಿದ ಅವರವರ ಫೋಟೋ ನೋಡಿದ ನಮ್ಮವರು ‘ಇವರದು ಮುಂದುವರಿದ ದೇಶ, ಮೊದಲಿಂದಲೂ ಹೀಗೇ’ ಅಂತಾರೆ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ.

1834ರ ಬಡವರ ಕಾಯ್ದೆಯ ನಂತರ, ಗತಿಯಿಲ್ಲದ ವೃದ್ಧರಿಗೆ ಇಲ್ಲಿ ಉಳಿದದ್ದು ವರ್ಕ್‌ಹೌಸ್. ಗಂಡಸರಿಗೊಂದು, ಹೆಂಗಸರಿಗೊಂದು ವಾರ್ಡು. ಬುದ್ಧಿ ಸ್ಥಿಮಿತದಲ್ಲಿಲ್ಲ ಎನಿಸಿದವರಲ್ಲಿ ಅನೇಕರನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದರು. ಉತ್ತರ ಲಂಡನ್ನಿನಲ್ಲಿ 1851ರಲ್ಲಿ ತೆರೆದ ಕಾಲ್ನಿ ಹ್ಯಾಚ್ ಅಂಥದ್ದೊಂದು; ಮುಂದೆ ಅದೇ ಫ್ರೈಯರ್ನ್ ಆಸ್ಪತ್ರೆಯಾಯಿತು.

1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಈ ರೋಗವನ್ನು ವಿವರಿಸಿದರೂ ವೃದ್ಧರಿಗೆ ಲಾಭವಾಗಲಿಲ್ಲ. ಅವರು ವಿವರಿಸಿದ ಹೆಂಗಸು ಐವತ್ತರ ಹರೆಯದವಳು. ಹೀಗಾಗಿ ಅದು ನಡುವಯಸ್ಸಿನ ಅಪರೂಪದ ಕಾಯಿಲೆ ಎಂದು ದಶಕಗಳ ಕಾಲ ತಿಳಿದರು. ಎಂಬತ್ತರ ಅಜ್ಜಿಯದು ಬರೀ ಮುಪ್ಪು. 1960ರ ದಶಕದಲ್ಲಿ ನ್ಯೂಕಾಸಲ್‌ನ ವೈದ್ಯರು ತೀರಿಕೊಂಡ ವೃದ್ಧರ ಮಿದುಳನ್ನು ಪರೀಕ್ಷಿಸಿ, ಅಲ್ಲೂ ಅದೇ ಬದಲಾವಣೆಗಳನ್ನು ತೋರಿಸಿದರು. ಮುಪ್ಪು ಬೇರೆ, ರೋಗ ಬೇರೆ ಎಂಬುದು ಆಮೇಲೆ ನಿಧಾನವಾಗಿ ಒಪ್ಪಿತವಾಯಿತು.

ಅದಕ್ಕೂ ಮೊದಲೇ ಒಂದು ಬದಲಾವಣೆ ನಮ್ಮ ಪಕ್ಕದಲ್ಲೇ, ಐಸಲ್‌ವರ್ತ್‌ನಲ್ಲಿ ನಡೆದಿತ್ತು. 1935ರಲ್ಲಿ ಹಳೆಯ ವರ್ಕ್‌ಹೌಸಿನ ರೋಗಿಗಳ ವಾರ್ಡುಗಳು ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಸೇರಿದವು. 700ಕ್ಕೂ ಹೆಚ್ಚು ದೀರ್ಘಕಾಲದ ರೋಗಿಗಳ ಹೊಣೆ ಡಾ. ಮಾರ್ಜರಿ ವಾರೆನ್ ಅವರ ಮೇಲೆ ಬಿತ್ತು. ಮಲಗಿದ್ದವರೆಲ್ಲ ‘ವಾಸಿಯಾಗದವರು’ ಎಂಬ ಒಂದೇ ಗುಂಪು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಯಾರು ಏಳಬಲ್ಲರು, ಯಾರಿಗೆ ಗಲಿಬಿಲಿ ಮಾತ್ರ, ಯಾರಿಗೆ ನಿಜವಾಗಿ ಡಿಮೆನ್ಷಿಯಾ ಎಂದು ಬೇರ್ಪಡಿಸಿದರು. ಎಬ್ಬಿಸಿ ನಡೆಸಿದರು. ಎಷ್ಟೋ ಜನ ಮನೆಗೆ ಹಿಂತಿರುಗಿದರು. ಇಂದಿನ ವೃದ್ಧವೈದ್ಯಕ್ಕೆ ಬುನಾದಿ ಹಾಕಿದ್ದು ಈ ಕೆಲಸವೇ.

ಆದರೂ ಹಳೆಯ ಚಾಳಿ ಹೋಗಲಿಲ್ಲ. 1965ರಲ್ಲಿ ಬಾರ್ಬರಾ ರಾಬ್ ಎಂಬಾಕೆ ಪರಿಚಯದ ವೃದ್ಧೆಯೊಬ್ಬರನ್ನು ನೋಡಲು ಫ್ರೈಯರ್ನ್‌ಗೆ ಹೋದರು. ಕಂಡದ್ದನ್ನು ಸುಮ್ಮನೆ ಬಿಡಲಿಲ್ಲ. ವೃದ್ಧರ ವಾರ್ಡುಗಳಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ಕಿತ್ತಿಟ್ಟುಕೊಳ್ಳುವುದನ್ನು 1967ರಲ್ಲಿ ಪುಸ್ತಕ ಮಾಡಿ ದೇಶಕ್ಕೆ ಹೇಳಿದರು. ಯೋಚಿಸಿ: ಕಣ್ಣು ಕಾಣದೆ, ಕಿವಿ ಕೇಳದೆ ಕೂತ ಮನುಷ್ಯನನ್ನು ‘ಇವನಿಗೆ ಏನೂ ತಿಳಿಯೋದಿಲ್ಲ’ ಅನ್ನೋದು ಎಷ್ಟು ಸುಲಭ! 1993ರಲ್ಲಿ ಮುಚ್ಚಿದ ಆ ಆಸ್ಪತ್ರೆ ಈಗ ದುಬಾರಿ ಫ್ಲ್ಯಾಟುಗಳ ಸಮುಚ್ಚಯ.

1979ರಲ್ಲಿ ಆಲ್ಝೈಮರ್ಸ್ ಸೊಸೈಟಿ ಹುಟ್ಟಿತು. ಬ್ರಾಡ್‌ಫರ್ಡ್‌ನ ಟಾಮ್ ಕಿಟ್‌ವುಡ್ 1997ರ ಪುಸ್ತಕದಲ್ಲಿ ಮೊದಲು ಮನುಷ್ಯ, ಆಮೇಲೆ ರೋಗ ಎಂದು ವಾದಿಸಿದರು. ಮಗುವಿನಂತೆ ಗದರುವುದು, ಎದುರಿಗೇ ಇದ್ದರೂ ಇಲ್ಲವೆಂಬಂತೆ ಮಾತಾಡುವುದು, ಅವಸರ ಮಾಡುವುದು – ಇವೂ ರೋಗಿಯನ್ನು ಕುಗ್ಗಿಸುತ್ತವೆ ಎಂದರು. ನಮಗೆ ತರಬೇತಿಯಲ್ಲಿ ಇಂದಿಗೂ ಹೇಳಿಕೊಡುವುದು ಇದನ್ನೇ.

ವಾರೆನ್, ರಾಬ್, ಕಿಟ್‌ವುಡ್ ಮೂವರೂ ಕೇಳಿದ್ದು ಒಂದೇ ಪ್ರಶ್ನೆ: ಈ ಮಂಚದ ಮೇಲಿರುವವರು ಯಾರು? ವಲಸಿಗರ ಮಟ್ಟಿಗೆ ಅದರ ಉತ್ತರದಲ್ಲಿ ಭಾಷೆಯೂ ಇದೆ. ಡಿಮೆನ್ಷಿಯಾ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಉಳಿಯುವುದು ಹಲವರಲ್ಲಿ ಕಾಣುತ್ತದೆ. ನಮ್ಮಲ್ಲಿದ್ದ ಪಂಜಾಬಿ ಅಜ್ಜಿಯೊಬ್ಬರು ದಶಕಗಳ ಕಾಲ ಇಂಗ್ಲಿಷಿನಲ್ಲಿ ವ್ಯವಹರಿಸಿದವರು. ಕೊನೆಗೆ ಒಂದಕ್ಷರವೂ ಉಳಿದಿರಲಿಲ್ಲ. ನನ್ನ ಹರಕು ಮುರುಕು ಹಿಂದಿಯಲ್ಲಿ ‘ಮಾತಾಜಿ, ರೋಟಿ?’ ಅಂದರೆ ಸಾಕು, ಕೈ ಹಿಡಿದುಕೊಳ್ಳೋರು.

1960, 70ರ ದಶಕಗಳಲ್ಲಿ ಇಲ್ಲಿಗೆ ಬಂದ ನಮ್ಮ ಕನ್ನಡದ ಹಿರಿಯರಲ್ಲಿ ಅನೇಕರಿಗೆ ಈಗ ಎಂಬತ್ತು ದಾಟಿದೆ. 2022ರಲ್ಲಿ ಆರೈಕೆ ಕೆಲಸಗಾರರಿಗೆ ತೆರೆದ ವೀಸಾ, ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳಲು 2025ರ ಜುಲೈನಲ್ಲಿ ಮುಚ್ಚಿತು. ಕನ್ನಡ ಬಲ್ಲ ಕೈಗಳು ಎಲ್ಲ ಕಡೆ ಸಿಗುವುದಿಲ್ಲ.

ಆದ್ದರಿಂದ ಒಂದು ವಿನಂತಿ. ಮನೆಯ ಹಿರಿಯರ ಬಗ್ಗೆ ಈಗಲೇ, ಅವರನ್ನೇ ಕೇಳಿ, ಒಂದು ಪುಟ ಬರೆದಿಡಿ. ಯಾವ ಹೆಸರಿಂದ ಕರೆದರೆ ತಿರುಗಿ ನೋಡ್ತಾರೆ, ಕಾಫಿಗೆ ಎಷ್ಟು ಸಕ್ಕರೆ, ಅನ್ನ ಕೈಯಲ್ಲೇ ತಿನ್ನಬೇಕೇ, ಯಾವ ಹಾಡು ಇಷ್ಟ? ‘ನೀರು’, ‘ನೋವು’, ‘ಸಾಕು’, ‘ಬಚ್ಚಲು’ – ಇಂಥ ಹತ್ತು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಅರ್ಥದೊಂದಿಗೆ ಬರೆಯಿರಿ. ಆಲ್ಝೈಮರ್ಸ್ ಸೊಸೈಟಿಯ ‘ದಿಸ್ ಈಸ್ ಮಿ’ ಪತ್ರವೂ ಇದಕ್ಕೇ ಇರುವುದು. ರಾತ್ರಿ ಪಾಳಿಯಲ್ಲಿರುವ, ಕನ್ನಡವೇ ಗೊತ್ತಿಲ್ಲದ ಹುಡುಗಿಯೊಬ್ಬಳು ಆ ಹಾಳೆ ನೋಡಿ ‘ನೀರು?’ ಎಂದು ಕೇಳಿದರೆ, ನಮ್ಮ ಹಿರಿಯರಿಗೆ ಬಾಯಾರಿಕೆ ತೀರುತ್ತದೆ.